ಭರಣಿಯಲ್ಲಿ ಮಾಗುವ ಮಾವಿನ ಚಟ್ನಿ

ಕನ್ನಡದ ಅಡುಗೆಮನೆಯಲ್ಲಿ ಚಟ್ನಿ ಎಂದರೆ ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿಗಳನ್ನು ರುಬ್ಬಿ, ಒಗ್ಗರಣೆ ಕೊಟ್ಟು, ಅಂದಂದಿಗೇ ತೀರಿಸುವ ವ್ಯಂಜನ. ಇದಲ್ಲದೆ, ಹಣ್ಣನ್ನೋ ಬಲಿತ ಕಾಯನ್ನೋ ಬೆಲ್ಲ, ಉಪ್ಪು, ವಿನೆಗರ್ ಮತ್ತು ಸಾಂಬಾರ ಪದಾರ್ಥಗಳೊಂದಿಗೆ ನಿಧಾನವಾಗಿ ಬೇಯಿಸಿ, ತಿಂಗಳುಗಟ್ಟಲೆ ಉಳಿಯುವಂತೆ ಭರಣಿಗೆ ತುಂಬುವ ಇನ್ನೊಂದು ಬಗೆಯ ಚಟ್ನಿಯೂ ಇದೆ. ನೆಕ್ಕು ಎಂಬ ಅರ್ಥದ ಹಿಂದಿ ಕ್ರಿಯಾಪದದಿಂದ ಬಂದ ಒಂದೇ ಹೆಸರು ಎರಡಕ್ಕೂ ಸಂದಿದೆಯಾದರೂ, ಮೊದಲನೆಯದು ಒರಳಿನಲ್ಲಿ ಹುಟ್ಟುತ್ತದೆ, ಎರಡನೆಯದು ಒಲೆಯ ಮೇಲೆ.

ಹಣ್ಣಿಗೆ ಬೆಲ್ಲ, ಹುಳಿ, ಖಾರಗಳನ್ನು ಕೂಡಿಸುವುದು ಕನ್ನಡಿಗರಿಗೆ ಹೊಸತಲ್ಲ. ಹಳೆ ಮೈಸೂರಿನ ಕಡೆಯ ಅನಾನಸ್ ಗೊಜ್ಜು, ಎಳ್ಳು ಹುರಿದು ಹಾಕುವ ಕರಾವಳಿಯ ಮೆಣಸ್ಕಾಯಿ ಇದೇ ರುಚಿಯ ಬಳಗಕ್ಕೆ ಸೇರಿದವು. ಆದರೆ ಅವು ಒಂದೆರಡು ದಿನಗಳಲ್ಲಿ ಮುಗಿಯಬೇಕಾದ ಅಡುಗೆಗಳು. ಭಾರತದಲ್ಲಿ ನೆಲೆಸಿದ್ದ ಇಂಗ್ಲಿಷರು ಇಲ್ಲಿನ ಮಾವಿನಕಾಯಿ ಚಟ್ನಿಯ ರುಚಿ ಹಿಡಿದು ಅದನ್ನು ತಮ್ಮ ನಾಡಿಗೂ ಒಯ್ದರು. 1861ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಇಸಬೆಲ್ಲಾ ಬೀಟನ್ ಅವರ ಗೃಹನಿರ್ವಹಣೆಯ ಪ್ರಸಿದ್ಧ ಗ್ರಂಥದಲ್ಲಿ, ಹುಳಿ ಸೇಬು, ಸಕ್ಕರೆ, ಉಪ್ಪು, ಬೆಳ್ಳುಳ್ಳಿ, ಶುಂಠಿ, ಒಣಮೆಣಸಿನಕಾಯಿ, ಸಾಸಿವೆ, ಒಣದ್ರಾಕ್ಷಿ ಮತ್ತು ವಿನೆಗರ್ ಬಳಸುವ ಬಂಗಾಳದ ಚಟ್ನಿಯೊಂದರ ವಿಧಾನ ದಾಖಲಾಗಿದೆ. ಮಾವು ಬೆಳೆಯದ ಆ ಶೀತದೇಶದಲ್ಲಿ ಸೇಬಿನಂಥ ಹಣ್ಣುಗಳು ಕ್ರಮೇಣ ಮಾವಿನ ಸ್ಥಾನವನ್ನು ತುಂಬಿದವು.

ಈ ಪಾಕದ ವಿಶೇಷವೆಂದರೆ, ರುಚಿಗಾಗಿ ಹಾಕುವ ಪದಾರ್ಥಗಳಲ್ಲಿ ಮುಖ್ಯವಾದವುಗಳೇ ಚಟ್ನಿಯನ್ನು ಕೆಡದಂತೆ ಕಾಯುತ್ತವೆ. ಬೂಸ್ಟು ಮತ್ತು ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ನೀರು ಬೇಕು. ಬೆಲ್ಲದ ಸಿಹಿಯಂಶ ಹಾಗೂ ಉಪ್ಪು ಆ ನೀರನ್ನು ಹಿಡಿದಿಟ್ಟುಕೊಂಡು ಅವುಗಳಿಗೆ ಸಿಗದಂತೆ ಮಾಡುತ್ತವೆ, ಕುದಿತವು ಹೆಚ್ಚಿನ ನೀರನ್ನು ಆವಿಯಾಗಿಸುತ್ತದೆ. ಹುಳಿಯ ಕೆಲಸ ಇನ್ನೂ ಮುಖ್ಯವಾದದ್ದು. ಆಮ್ಲೀಯತೆಯ ಅಳತೆಯಾದ ಪಿಎಚ್ ಸೂಚ್ಯಂಕವು 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು; ಅದು 4.6ಕ್ಕಿಂತ ಕೆಳಗಿದ್ದರೆ, ಗಾಳಿಯಾಡದ ಡಬ್ಬಿಯಲ್ಲಿ ಮಾರಕ ವಿಷವನ್ನು ಉಂಟುಮಾಡುವ ಬೊಟುಲಿನಮ್ ಬ್ಯಾಕ್ಟೀರಿಯಾ ಬೆಳೆಯಲಾರದು. ಲವಂಗ, ಸಾಸಿವೆಗಳಿಗೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆಯಾದರೂ, ಅಡುಗೆಯಲ್ಲಿ ಬಳಸುವ ಅಲ್ಪ ಪ್ರಮಾಣವೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಖಾರ ಮತ್ತು ಪರಿಮಳಗಳನ್ನು ಮನೆಯವರ ನಾಲಗೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಬಹುದು. ಬೆಲ್ಲವನ್ನೂ ವಿನೆಗರನ್ನೂ ಮನಬಂದಂತೆ ಇಳಿಸಬಾರದು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಹೇರಳವಾಗಿ ಬೆಳೆಯುವ, ಗಿಣಿಮೂತಿ ಎಂದೂ ಕರೆಯಲಾಗುವ ತೋತಾಪುರಿ ಮಾವು ಈ ಚಟ್ನಿಗೆ ಚೆನ್ನಾಗಿ ಒಗ್ಗುತ್ತದೆ. ಪೂರ್ತಿ ಹಣ್ಣಾಗದೆ, ಬಲಿತು ಒಳಗೆ ಹಳದಿ ತಿರುಗುತ್ತಿರುವ ಗಟ್ಟಿ ಕಾಯಿಯೇ ಉತ್ತಮ, ಏಕೆಂದರೆ ಅದರಲ್ಲಿ ಹುಳಿಯೂ ಇರುತ್ತದೆ, ಬೆಂದಾಗ ಪಾಕವನ್ನು ಮಂದವಾಗಿಸುವ ಪೆಕ್ಟಿನ್ ಎಂಬ ನಾರಿನಂಶವೂ ಇರುತ್ತದೆ. ಸಿಪ್ಪೆ ಮತ್ತು ಓಟೆ ತೆಗೆದ 1 ಕಿಲೋ ಹೋಳಿಗೆ 600 ಗ್ರಾಂ ಬೆಲ್ಲ, 25 ಗ್ರಾಂ ಉಪ್ಪು, 200 ಮಿಲಿಲೀಟರ್ ವಿನೆಗರ್, 40 ಗ್ರಾಂ ಹಸಿಶುಂಠಿ, 100 ಗ್ರಾಂ ಒಣದ್ರಾಕ್ಷಿ, 10 ಬ್ಯಾಡಗಿ ಮೆಣಸಿನಕಾಯಿ, 1 ಚಮಚ ಸಾಸಿವೆ, 6 ಲವಂಗ, 4 ಏಲಕ್ಕಿ ಹಾಗೂ 2 ಅಂಗುಲ ಚಕ್ಕೆ ಸಾಕು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣವನ್ನೇ ಹೆಚ್ಚು ಕೊಡುವುದರಿಂದ ಚಟ್ನಿಗೆ ಕಡುಕೆಂಪು ಮೆರುಗು ಬರುತ್ತದೆ. ವಿನೆಗರ್ ಕೊಳ್ಳುವಾಗ ಅದರಲ್ಲಿ ಅಸಿಟಿಕ್ ಆಮ್ಲವು ನೂರಕ್ಕೆ 4ರಿಂದ 5ರಷ್ಟಿದೆಯೇ ಎಂದು ಚೀಟಿಯಲ್ಲಿ ನೋಡಿಕೊಳ್ಳಬೇಕು.

ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಕಸ ಹೋಗುವಂತೆ ಸೋಸಿ, ಆರಿಸಿ, ಉಪ್ಪಿನೊಡನೆ ಹೋಳುಗಳ ಮೇಲೆ ಸುರಿದು ಒಂದು ರಾತ್ರಿ ಮುಚ್ಚಿಡಬೇಕು. ಇದರಿಂದ ಹೋಳಿನೊಳಗಿನ ನೀರು ಹೊರಬಂದು ಸಿಹಿಯು ಒಳಸೇರುತ್ತದೆ. ಹಾಗೆ ಗಟ್ಟಿಯಾದ ಹೋಳು ಮರುದಿನ ಬೆಂದರೂ ಕರಗಿ ಮುದ್ದೆಯಾಗುವುದಿಲ್ಲ. ಹುಳಿಯು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳೊಡನೆ ವರ್ತಿಸಿ ಲೋಹವನ್ನು ಆಹಾರಕ್ಕೆ ಬಿಡಿಸುವುದರಿಂದ, ದಪ್ಪ ತಳದ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಹೆಚ್ಚಿದ ಶುಂಠಿ, ದ್ರಾಕ್ಷಿ, ತರಿತರಿಯಾಗಿ ಪುಡಿಮಾಡಿದ ಮೆಣಸಿನಕಾಯಿ ಮತ್ತು ಸಾಸಿವೆಯನ್ನು ಹೋಳುಗಳೊಂದಿಗೆ ಸೇರಿಸಿ, ಲವಂಗ, ಏಲಕ್ಕಿ, ಚಕ್ಕೆಗಳನ್ನು ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿ ಅದರೊಳಗೆ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆಲ್ಲದ ಪಾಕ ಬೇಗ ತಳ ಹಿಡಿಯುತ್ತದಾದ್ದರಿಂದ ಆಗಾಗ ಕೈಯಾಡಿಸುತ್ತಿರಬೇಕು. ಪಾಕ ಮಂದವಾಗತೊಡಗಿದಾಗ ವಿನೆಗರ್ ಸುರಿಯುವುದು ಲೇಸು. ಮೊದಲೇ ಹಾಕಿದರೆ ದೀರ್ಘ ಕುದಿತದಲ್ಲಿ ಅದರ ಹುಳಿ ಸ್ವಲ್ಪ ಮಟ್ಟಿಗೆ ಆವಿಯೊಡನೆ ಹೋಗುತ್ತದೆ. ಮತ್ತೆ ಕುದಿಸಿದ ಮೇಲೆ ಸೌಟಿನಿಂದ ತಳದಲ್ಲಿ ಗೆರೆ ಎಳೆದಾಗ ಅದು ಒಂದು ಕ್ಷಣ ಮುಚ್ಚಿಕೊಳ್ಳದೆ ನಿಂತರೆ ಪಾಕ ಸಿದ್ಧವಾಯಿತೆಂದು ತಿಳಿದು, ಗಂಟನ್ನು ಹಿಂಡಿ ತೆಗೆಯಬೇಕು. ಆರಿದ ಮೇಲೆ ಚಟ್ನಿ ಇನ್ನಷ್ಟು ಗಟ್ಟಿಯಾಗುವುದರಿಂದ, ಆ ಹದವನ್ನು ಮೀರಿ ಕಾಯಿಸಿದರೆ ಅದು ಅಂಟಂಟಾಗುತ್ತದೆ.

ಗಾಜಿನ ಭರಣಿಗಳನ್ನು ನೀರಿನಲ್ಲಿ 10 ನಿಮಿಷ ಕುದಿಸಿ, ತೇವವಿಲ್ಲದಂತೆ ಒಣಗಿಸಿ, ಅವು ಬಿಸಿಯಾಗಿರುವಾಗಲೇ ಬಿಸಿ ಚಟ್ನಿಯನ್ನು ತುಂಬಬೇಕು; ತಣ್ಣಗಿನ ಗಾಜಿಗೆ ಸುಡುವ ಪಾಕ ಸುರಿದರೆ ಅದು ಸೀಳಬಹುದು. ಬರಿಯ ಲೋಹದ ಮುಚ್ಚಳವನ್ನು ವಿನೆಗರ್ ತಿನ್ನುವುದರಿಂದ, ಒಳಗೆ ಲೇಪನವಿರುವ ಅಥವಾ ಪ್ಲಾಸ್ಟಿಕ್ ಮುಚ್ಚಳ ಬೇಕು. ತುಂಬಿದ ಭರಣಿಯನ್ನು ತಂಪಾದ ಕತ್ತಲ ಜಾಗದಲ್ಲಿಟ್ಟು, ತೆರೆದ ನಂತರ ಫ್ರಿಜ್ಜಿನಲ್ಲಿರಿಸಿ, ಒಣ ಚಮಚದಿಂದಲೇ ಬಡಿಸಬೇಕು. ಬೂಸ್ಟು ಕಂಡರೆ ಮೇಲ್ಪದರ ತೆಗೆದು ಉಳಿದದ್ದನ್ನು ಬಳಸದೆ ಪೂರ್ತಿ ಚೆಲ್ಲಬೇಕು.

ಹೊಸ ಚಟ್ನಿಯಲ್ಲಿ ವಿನೆಗರ್‌ನ ಘಾಟು ಮುಂದಾಗಿರುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ ಆ ತೀಕ್ಷ್ಣತೆ ಇಳಿದು, ಸಾಂಬಾರದ ಪರಿಮಳ ಹೋಳಿನೊಳಕ್ಕೆ ಹೊಕ್ಕು, ಸಿಹಿ, ಹುಳಿ, ಖಾರ, ಉಪ್ಪುಗಳು ಒಂದರೊಳಗೊಂದು ಬೆರೆಯುತ್ತವೆ. ಮಾಡಿದ ದಿನಾಂಕವನ್ನು ಭರಣಿಯ ಮೇಲೆ ಬರೆದು ಒಂದು ತಿಂಗಳಾದರೂ ಕಾಯಬೇಕು. ಬೇಸಿಗೆಯ ಕೊನೆಗೆ ತುಂಬಿಟ್ಟ ಮಾವಿನ ಚಟ್ನಿ ಮಳೆಗಾಲದ ಊಟದ ಎಲೆಗೆ ಹದವಾಗಿ ಒದಗುತ್ತದೆ.