ನಾಲ್ಕು ಪುಟಗಳ ತೂಕ

ಸಂಶೋಧಕರ ಯೋಗ್ಯತೆಯನ್ನು ಅವರು ಅಚ್ಚು ಹಾಕಿಸಿದ ಪ್ರಬಂಧಗಳ ಎಣಿಕೆಯಿಂದ ಗೊತ್ತುಮಾಡುವ ಪರಿಪಾಠವು ನಮ್ಮ ವಿದ್ಯಾಪೀಠಗಳಲ್ಲಿ ಬೇರೂರಿರುವುದು. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಒಂದೊಂದು ಪ್ರಬಂಧಕ್ಕೆ ಇಷ್ಟಿಷ್ಟು ಅಂಕಗಳೆಂದು ನಿಯಮವನ್ನೇ ವಿಧಿಸಿತು. ವಶೀಲಿಗೆ ಎಡೆಗೊಡದಿರುವುದಕ್ಕಾಗಿ ಇಂತಹ ನಿಯಮ ಅವಶ್ಯವೆಂದು ಸಮರ್ಥಿಸುವವರುಂಟು. ಅಂಥವರು ಅಮೆರಿಕೆಯ ಡಾಕ್ಟರ್ ಜಾನೆಟ್ ರೌಲಿಯವರ ವೃತ್ತಾಂತವನ್ನೊಮ್ಮೆ ಪರಾಂಬರಿಸಬೇಕೆಂದು ನಮ್ಮ ಬಿನ್ನಹ.

1925ರಲ್ಲಿ ಹುಟ್ಟಿದ ಈ ಮಹಿಳೆಯು 1948ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವೈದ್ಯಪದವಿಯನ್ನು ಪಡೆದರು. ನಾಲ್ವರು ಗಂಡುಮಕ್ಕಳ ತಾಯಿಯಾದ ಅವರು, ಮಕ್ಕಳು ಚಿಕ್ಕವರಾಗಿದ್ದಷ್ಟು ಕಾಲವೂ ವಾರದಲ್ಲಿ ಕೆಲವೇ ದಿನಗಳು ಕೆಲಸಮಾಡಿ ಉಳಿದ ಹೊತ್ತನ್ನು ಮನೆಗೆ ಮೀಸಲಿಟ್ಟರು. ಆ ವರ್ಷಗಳಲ್ಲಿ ನಮ್ಮ ಅಂಕಸಮಿತಿಗಳ ಮುಂದೆ ನಿಂತಿದ್ದರೆ ಅವರಿಗೆ ಬಡ್ತಿ ದೊರೆಯುತ್ತಿತ್ತೆಂದು ನಮಗೆ ತೋರದು.

ಫಿಲಡೆಲ್ಫಿಯಾ ನಗರದ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬವರು, ನಿಧಾನವಾಗಿ ಬಲಿಯುವ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ರೋಗಿಯ ಜೀವಕೋಶದೊಳಗಿನ ವರ್ಣತಂತುವೊಂದು ಗಿಡ್ಡಾಗಿರುವುದನ್ನು 1960ರಲ್ಲಿಯೇ ತಿಳಿಸಿದ್ದರು. ಅದರ ತುಂಡು ಕಳೆದೇಹೋಯಿತೆಂದು ಬಹುಮಂದಿ ಬಗೆದಿದ್ದರು. ವರ್ಣತಂತುಗಳಿಗೆ ಬಣ್ಣ ಹಿಡಿಸಿ ಪಟ್ಟೆಗಳಿಂದ ಅವನ್ನು ಗುರುತಿಸುವ ಹೊಸ ವಿಧಾನವನ್ನು ಆಕ್ಸ್‌ಫರ್ಡಿನಲ್ಲಿ ಕಲಿತುಬಂದ ರೌಲಿಯವರು, ಛಾಯಾಚಿತ್ರಗಳಿಂದ ಒಂದೊಂದೇ ವರ್ಣತಂತುವನ್ನು ಕತ್ತರಿಸಿ ತೆಗೆದು, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆಗಳೊಡನೆ ಆಡುತ್ತಿರುವಳೆಂದು ಮಕ್ಕಳು ಹಾಸ್ಯಮಾಡುತ್ತಿದ್ದರಂತೆ. 22ನೆಯ ವರ್ಣತಂತುವಿನ ತುಂಡು ಕಳೆದುಹೋಗಿರಲಿಲ್ಲ. ಅದು 9ನೆಯದರ ತುದಿಗೆ ಅಂಟಿಕೊಂಡಿತ್ತು. ವರ್ಣತಂತುಗಳ ವಿಕಾರವು ಕ್ಯಾನ್ಸರಿನ ಪರಿಣಾಮವೇ ಹೊರತು ಕಾರಣವಲ್ಲವೆಂದು ಪಂಡಿತರು ನಂಬಿದ್ದ ಕಾಲವದು.

ಈ ಶೋಧವು 1973ರ ಜೂನ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ನಾಲ್ಕೇ ಪುಟಗಳಲ್ಲಿ ಅಡಕವಾಗಿ ಪ್ರಕಟವಾಯಿತು. ಇದಕ್ಕೂ ಮುನ್ನ ಮತ್ತೊಂದು ಬಗೆಯ ರಕ್ತಕ್ಯಾನ್ಸರಿನಲ್ಲಿ 8 ಮತ್ತು 21ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುವುದನ್ನು ಅವರು ಕಂಡಿದ್ದರು. ಆ ಪ್ರಬಂಧವನ್ನು ಹೆಸರಾಂತ ವೈದ್ಯಪತ್ರಿಕೆಯೊಂದು ಹಿಂದಿರುಗಿಸಿತು. ಫ್ರಾನ್ಸ್ ದೇಶದ ಪತ್ರಿಕೆಯೊಂದು ಅದಕ್ಕೆ ಸ್ಥಳವಿತ್ತಿತು. ಪತ್ರಿಕೆಯ ಹೆಸರು ನೋಡಿ ಅಂಕ ಕೊಡುವವರು ಇದನ್ನು ಗಮನಿಸತಕ್ಕದ್ದು.

ಎರಡು ವರ್ಣತಂತುಗಳು ಕೂಡಿದೆಡೆಯಲ್ಲಿ ಹುಟ್ಟುವ ವಿಕೃತ ವಂಶವಾಹಿಯನ್ನು 1980ರ ದಶಕದಲ್ಲಿ ಇತರರು ಗುರುತಿಸಿದರು. ಆ ವಂಶವಾಹಿಯಿಂದಾಗುವ ಪ್ರೋಟೀನನ್ನು ತಡೆಯುವ ಗುಳಿಗೆಗೆ ಅಮೆರಿಕೆಯಲ್ಲಿ 2001ರಲ್ಲಿ ಮಂಜೂರಾತಿ ದೊರೆಯಿತು. ಆ ನಾಲ್ಕು ಪುಟಗಳು ಅಚ್ಚಾಗಿ ಆಗ್ಗೆ 28 ವರ್ಷಗಳು ಸಂದಿದ್ದವು. ಕೆಲವೇ ವರ್ಷಗಳ ಆಯುಸ್ಸೆಂದು ಕೈಚೆಲ್ಲಿದ್ದ ರೋಗಿಗಳಲ್ಲಿ ಬಹುಮಂದಿ ಇಂದು ದಿನಕ್ಕೊಂದು ಬಾರಿ ಗುಳಿಗೆ ನುಂಗಿ ಸಂಸಾರ ನಡೆಸುತ್ತಿರುವರು. ಇದೇ ಮದ್ದಿನ ವಿಷಯದಲ್ಲಿ ವಿದೇಶೀ ಕಂಪನಿಯು ಕೇಳಿದ ಪೇಟೆಂಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿದ್ದರಿಂದ, ಸ್ವದೇಶೀ ಕಾರ್ಖಾನೆಗಳ ಅಗ್ಗದ ಗುಳಿಗೆಯು ನಮ್ಮ ಬಡವರಿಗೂ ಎಟುಕುವಂತೆ ಉಳಿಯಿತು.

ರೌಲಿಯವರು 2013ರಲ್ಲಿ ತೀರಿಕೊಂಡರು. ನಮ್ಮ ಆಯ್ಕೆಸಮಿತಿಗಳಿಗೆ ನಾವು ಸೂಚಿಸುವುದಿಷ್ಟೆ: ಅಭ್ಯರ್ಥಿಯು ತನ್ನ ಮೂರೋ ನಾಲ್ಕೋ ಪ್ರಬಂಧಗಳನ್ನು ಮಾತ್ರ ಮುಂದಿಡಲಿ, ಸದಸ್ಯರು ಅವನ್ನು ಓದಿಕೊಂಡು ಬರಲಿ. ಓದಲು ವ್ಯವಧಾನವಿಲ್ಲದವರು ಸದಸ್ಯತ್ವವನ್ನು ಬಿಟ್ಟುಕೊಡಲಿ.