ತಪಾಸಣೆಗೆ ಬನ್ನಿ, ತಿಂಗಳ ಮುಂಚೆ ಹೇಳಬೇಡಿ

ಕಾಲೇಜಿನ ಕಾರಿಡಾರ್‌ನಲ್ಲಿ ಹೊಸ ಪೇಂಟ್ ವಾಸನೆ ಬಂತೆಂದರೆ ಯಾವುದೋ ಕಮಿಟಿ ಬರುತ್ತಿದೆ ಎಂದರ್ಥ. ಬಿಇ ಓದುತ್ತಿರುವ ಯಾರನ್ನಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮಲ್ಲಿಗೆ ಒಂದು ತಂಡ ಬರುವುದು ಮೂರು ವಾರ ಮೊದಲೇ ಗೊತ್ತಾಗಿತ್ತು. ಲ್ಯಾಬ್‌ನಲ್ಲಿ ಕೆಟ್ಟು ಕೂತಿದ್ದ ಆಸಿಲೋಸ್ಕೋಪ್‌ಗಳು ರಿಪೇರಿಯಾಗಲಿಲ್ಲ. ಅದೇ ಆಡಳಿತ ಮಂಡಳಿಯ ಪಾಲಿಟೆಕ್ನಿಕ್‌ನಿಂದ ಆರು ಬಂದವು. ತಂಡ ಹೋದ ಮರುದಿನ ಅವೂ ಹೋದವು. ಇಂಟರ್ನಲ್ಸ್ ಮುಂದಕ್ಕೆ ಹಾಕಿದರು. ತಂಡದ ಜತೆ ಮಾತನಾಡಲು ಹದಿನೈದು ಜನರನ್ನು ಆರಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಎರಡು ದಿನ ತಾಲೀಮು ಕೊಟ್ಟರು.

ಇದು ನಮಗೆ ಹೊಸದೇನಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ‘ನಾಳೆ ಬಿಇಒ ಸಾಹೇಬ್ರು ಬರ್ತಾರೆ, ಯೂನಿಫಾರ್ಮ್ ಒಗೆದು ಹಾಕ್ಕೊಂಡು ಬನ್ನಿ’ ಎಂಬ ಮಾತು ನೆನಪಿರುತ್ತದೆ.

ಹಾಗಾದರೆ ಹೇಳದೆ ಕೇಳದೆ ಬರಬೇಕೇ? ಇಂಗ್ಲೆಂಡಿನಲ್ಲಿ ಶಾಲೆಗಳ ತಪಾಸಣೆ ನಡೆಸುವ ಆಫ್‌ಸ್ಟೆಡ್ ಸಂಸ್ಥೆ ಈ ವಿಷಯದಲ್ಲಿ ವರ್ಷಗಟ್ಟಲೆ ಜಗ್ಗಾಡಿದೆ. ಮೊದಲು ಅದು ಹಲವು ವಾರ ಮುಂಚೆ ತಿಳಿಸುತ್ತಿತ್ತು. 2005ರಲ್ಲಿ ಸುಮಾರು ಎರಡು ದಿನಕ್ಕೆ ಇಳಿಸಿತು. 2012ರಲ್ಲಿ ‘ಇನ್ನು ಹೇಳದೇ ಬರುತ್ತೇವೆ’ ಎಂದಾಗ ಮುಖ್ಯಶಿಕ್ಷಕರು ತಿರುಗಿಬಿದ್ದರು. ಕೊನೆಗೆ ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡುವುದೆಂದು ತೀರ್ಮಾನವಾಯಿತು. 2024ರ ಸೆಪ್ಟೆಂಬರ್‌ನಿಂದ ಆ ಫೋನ್ ಬಹುತೇಕ ಸೋಮವಾರವೇ ಬರುತ್ತದೆ. ಸೋಮವಾರ ಬರಲಿಲ್ಲವೆಂದರೆ ಆ ವಾರ ನಿರಾಳ.

ಇಷ್ಟರಿಂದ ಭಯ ಹೋಗುತ್ತದೆ ಎಂದೇನಲ್ಲ. 2023ರ ಜನವರಿಯಲ್ಲಿ ರೆಡಿಂಗ್‌ನ ಮುಖ್ಯಶಿಕ್ಷಕಿ ರುತ್ ಪೆರಿ ಆತ್ಮಹತ್ಯೆ ಮಾಡಿಕೊಂಡರು. ಅದಕ್ಕೆ ತಪಾಸಣೆಯೂ ಒಂದು ಕಾರಣವೆಂದು ಸಾವಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಇಡೀ ಶಾಲೆಗೆ ಒಂದೇ ಪದದ ಗ್ರೇಡ್ ಕೊಡುವ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟರು. ಎಷ್ಟು ದಿನ ಮೊದಲು ಹೇಳಬೇಕು ಎಂದು ಚರ್ಚಿಸುವಾಗ ಇದನ್ನು ಮರೆಯುವಂತಿಲ್ಲ.

ನಮ್ಮ ದೇಶದಲ್ಲಿ ಗುಟ್ಟಾಗಿ ಬರುವ ಪದ್ಧತಿಯೂ ಇದೆ. ಆದರೆ ಗುಟ್ಟು ಉಳಿಯಬೇಕಲ್ಲ! ವೈದ್ಯಕೀಯ ಕಾಲೇಜುಗಳ ತಪಾಸಣೆಯ ದಿನಾಂಕ, ತಪಾಸಕರ ವಿವರ ಮೊದಲೇ ಸೋರಿಕೆಯಾಗಿತ್ತು, ಇಲ್ಲದ ಬೋಧಕರನ್ನೂ ನಕಲಿ ರೋಗಿಗಳನ್ನೂ ತೋರಿಸಲಾಗಿತ್ತು ಎಂಬ ಆರೋಪದ ಮೇಲೆ ಸಿಬಿಐ 2025ರಲ್ಲಿ ಪ್ರಕರಣ ದಾಖಲಿಸಿತು. ಆರೋಪ ನಿಜವಾಗಿದ್ದರೆ ಲೆಕ್ಕ ಹೀಗಾಗುತ್ತದೆ: ದುಡ್ಡು, ಕಾಂಟ್ಯಾಕ್ಟ್ ಇದ್ದವರಿಗೆ ಬೇಕಾದಷ್ಟು ಸಮಯ, ನೆಟ್ಟಗೆ ನಡೆಯುವ ಕಾಲೇಜಿಗೆ ಒಂದು ಗಂಟೆಯೂ ಇಲ್ಲ. ಅದಕ್ಕಿಂತ ಎಲ್ಲರಿಗೂ ಹಿಂದಿನ ದಿನ ಮಧ್ಯಾಹ್ನ ಒಂದೇ ತರಹ ಫೋನ್ ಬರುವುದು ವಾಸಿ.

‘ಮನೆಗೆ ನೆಂಟರು ಬರ್ತಾರೆ ಅಂದ್ರೆ ಕಸ ಗುಡಿಸಲ್ವೇನೇ?’ ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾಳೆ. ಅವಳ ಮಾತಿನಲ್ಲೂ ಹುರುಳಿದೆ. ವರ್ಷದಿಂದ ಮುರಿದಿದ್ದ ಹುಡುಗಿಯರ ಶೌಚಾಲಯದ ಚಿಲಕ ಸರಿಯಾಗಿದ್ದು ಅದೇ ಮೂರು ವಾರದಲ್ಲಿ. ಆಸಿಲೋಸ್ಕೋಪ್ ವಾಪಸ್ ಹೋದರೂ ಚಿಲಕ ಉಳಿಯಿತು. ಆದರೆ ಯಾವ ಸೋಮವಾರ ಬೇಕಾದರೂ ಫೋನ್ ಬರಬಹುದು ಎಂದಿದ್ದರೆ ಆ ಚಿಲಕಕ್ಕಾಗಿ ನಾವು ವರ್ಷ ಕಾಯಬೇಕಾಗಿರಲಿಲ್ಲ.

ಕಡತ, ಲೆಕ್ಕಪತ್ರ, ಫಲಿತಾಂಶದ ಪಟ್ಟಿಗೆ ಸಮಯ ಕೊಡಲಿ. ಅವನ್ನೆಲ್ಲ ಮೊದಲೇ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಲಿ. ವಿಶ್ವವಿದ್ಯಾಲಯದ ಪರೀಕ್ಷೆ ಇರುವ ವಾರ ಬಿಟ್ಟುಬಿಡಲಿ. ಎಚ್ಒಡಿ ರಜೆಯಲ್ಲಿದ್ದರೆ? ಇರಲಿ ಬಿಡಿ, ಅವರಿಲ್ಲದಾಗ ವಿಭಾಗ ಹೇಗೆ ನಡೆಯುತ್ತದೆ ಎನ್ನುವುದೂ ನೋಡಬೇಕಾದ ಸಂಗತಿಯೇ. ಲ್ಯಾಬ್, ಲೈಬ್ರರಿ, ಹಾಸ್ಟೆಲ್ ಊಟ, ಕ್ಲಾಸಿನಲ್ಲಿ ಲೆಕ್ಚರರ್ ಇದ್ದಾರೋ ಇಲ್ಲವೋ ಎಂಬುದನ್ನು ನೋಡಲು ಮಾತ್ರ ಮೂರು ವಾರದ ನೋಟಿಸ್ ಯಾಕೆ?

ಮಾತನಾಡಲು ವಿದ್ಯಾರ್ಥಿಗಳನ್ನು ಆರಿಸುವ ಕೆಲಸವೂ ಕಾಲೇಜಿನದ್ದಾಗಬಾರದು. ಹಾಜರಿ ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಯುಎಸ್‌ಎನ್ ಕರೆಯಲಿ. ಕೊನೆ ಬೆಂಚಿನವರೇ ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ಲ್ಯಾಬ್‌ನಲ್ಲಿ ಯಾವ ಮೆಷಿನ್ ಎಷ್ಟು ದಿನದಿಂದ ಕೆಟ್ಟಿದೆ ಎಂಬುದು ಅವರಿಗೆ ಬಾಯಿಪಾಠ.