ಪರದೇಶ ಸುತ್ತಿ ನೆಲದ ವಿದ್ಯೆ ಕಲಿತವರು



ನೆಲದ ಏರುತಗ್ಗು, ನೀರಿನ ಹರಿವು, ಮರ, ದಾರಿ ಇವುಗಳನ್ನು ಜನರ ಉಪಯೋಗಕ್ಕೆ ಒಪ್ಪುವಂತೆ ಅಣಿಗೊಳಿಸುವ ವಿದ್ಯೆಗೆ ಭೂದೃಶ್ಯ ವಾಸ್ತುಶಿಲ್ಪವೆಂದು ಹೆಸರು. ಇದನ್ನು ಓದುವ ವಿದ್ಯಾರ್ಥಿಗಳು ಅನುಭವಸ್ಥರ ಕೈಕೆಳಗೆ ಕೆಲವು ತಿಂಗಳು ದುಡಿದು, ಸಾಧ್ಯವಾದರೆ ಪರದೇಶಗಳನ್ನೂ ಸುತ್ತಿ, ಕಂಡದ್ದನ್ನು ಸಹಪಾಠಿಗಳಿಗೆ ತಿಳಿಸುವ ವಾಡಿಕೆಯುಂಟು. ಉದ್ಯಾನ ನೋಡಲು ಅಷ್ಟು ದೂರ ಹೋಗಬೇಕೇ ಎಂದು ನೀವು ಕೇಳಬಹುದು. ಅಮೆರಿಕದ ಇಬ್ಬರ ಪ್ರವಾಸದಿಂದ ಏನು ಫಲ ಬಂತೆಂಬುದನ್ನು ನೋಡೋಣ.

ಮೊದಲನೆಯವರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. ಇವರು ನ್ಯೂಯಾರ್ಕಿನ ಬಳಿಯ ಸ್ಟೇಟನ್ ದ್ವೀಪದಲ್ಲಿ ಬೇಸಾಯ ಮಾಡುತ್ತಿದ್ದ ರೈತರು. 1850ರಲ್ಲಿ ಇಂಗ್ಲೆಂಡಿಗೆ ಹೋಗಿ, ಹಳ್ಳಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿ, ಅಲ್ಲಿಯ ಬೇಸಾಯ ಕ್ರಮವನ್ನು ನೋಡಿದರು. ಬರ್ಕನ್‌ಹೆಡ್ ಪಟ್ಟಣದಲ್ಲಿ ರೊಟ್ಟಿ ಸುಡುವವನೊಬ್ಬನು, ತಮ್ಮೂರಿನ ಹೊಸ ಉದ್ಯಾನವನ್ನು ನೋಡಿಯೇ ಹೋಗಬೇಕೆಂದು ಹೇಳಿದನು. 1847ರಲ್ಲಿ ತೆರೆದಿದ್ದ ಆ ಉದ್ಯಾನ ದೊರೆಯದಲ್ಲ, ಊರಿನದು. ಬಡವನಿಗೂ ಅಲ್ಲಿ ಪ್ರವೇಶವಿತ್ತು. ಅಂಥದ್ದು ತಮ್ಮ ನಾಡಿನಲ್ಲಿಲ್ಲವಲ್ಲ ಎಂಬ ಕೊರಗು ಅವರಿಗಾಯಿತು. 1858ರಲ್ಲಿ ಕಾಲ್ವರ್ಟ್ ವಾಕ್ಸ್ ಅವರೊಡನೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ನಕ್ಷೆ ಹಾಕಿದರು. ಅಲ್ಲಿ ಇದ್ದದ್ದು ಬಂಡೆ ಮತ್ತು ಜವುಳು ನೆಲ. ಹೊಲಗಳಲ್ಲಿ ಮಾಡುವಂತೆಯೇ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ನೀರನ್ನು ಬಸಿದು, ನೆಲವನ್ನು ಹದಕ್ಕೆ ತಂದರು. ಜವುಳು ಗದ್ದೆಗೆ ಬಸಿಗಾಲುವೆ ತೆಗೆದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯವರು ಚಾರ್ಲ್ಸ್ ಎಲಿಯಟ್. ಹಾರ್ವರ್ಡ್ ವಿಶ್ವವಿದ್ಯಾಲಯದ ಕೃಷಿ ಶಾಲೆಯಲ್ಲಿ ಸ್ವಲ್ಪ ಕಾಲ ಓದಿ, 1883ರಲ್ಲಿ ಓಲ್ಮ್‌ಸ್ಟೆಡ್ ಅವರ ಬಳಿ ಕೆಲಸ ಕಲಿಯಲು ಸೇರಿದರು. ಎರಡು ವರ್ಷ ನಕ್ಷೆ ಬರೆದರು, ಗುರುಗಳೊಡನೆ ಕೆಲಸದ ಜಾಗಗಳಿಗೆ ಓಡಾಡಿದರು. ಬಳಿಕ 1885–86ರಲ್ಲಿ ದಿನಚರಿ ಬರೆಯುತ್ತಾ ಯೂರೋಪನ್ನು ಸುತ್ತಿದರು. ಜರ್ಮನಿಯ ಮುಸ್ಕೌ ಎಂಬಲ್ಲಿ ನದಿ, ಊರು, ಹೊಲ, ಕಾಡು ಎಲ್ಲವೂ ಒಂದೇ ವಿನ್ಯಾಸದೊಳಗೆ ಸೇರಿದ್ದುದು ಅವರ ಮನಸ್ಸಿಗೆ ಬಹಳ ಹಿಡಿಸಿತು.

ಹಿಂದಿರುಗಿದಾಗ ಬಾಸ್ಟನ್ ನಗರ ಬೆಳೆಯುತ್ತಾ ಸುತ್ತಲ ತೋಪು, ಹಳ್ಳದಂಡೆ, ಕಡಲತೀರಗಳನ್ನು ನುಂಗುತ್ತಿತ್ತು. ನಮ್ಮ ಗೋಮಾಳಗಳ ಕಥೆ ಬಲ್ಲವರಿಗೆ ಇದು ಹೊಸದೇನಲ್ಲ. ವೇವರ್ಲಿ ಎಂಬಲ್ಲಿಯ ಹಳೆಯ ಓಕ್ ಮರಗಳ ಗುಂಪು ಉಳಿಯಬೇಕೆಂದು ಎಲಿಯಟ್ 1890ರಲ್ಲಿ ಪತ್ರಿಕೆಗೆ ಬರೆದರು. ಬರೇ ಗೋಳಾಡಲಿಲ್ಲ, ದಾರಿಯನ್ನೂ ಸೂಚಿಸಿದರು: ಗ್ರಂಥಾಲಯವು ಜನರಿಗಾಗಿ ಪುಸ್ತಕಗಳನ್ನು ಕಾಯ್ದಿಡುವಂತೆ ಇಂಥ ನೆಲವನ್ನು ಕಾಯ್ದಿಡುವ ಸಂಸ್ಥೆಯೊಂದಿರಬೇಕು, ಅದರ ನೆಲಕ್ಕೆ ತೆರಿಗೆ ಇರಬಾರದು. 1891ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಅದನ್ನು ಕಾಯಿದೆಯಾಗಿ ಮಾಡಿತು. ಆದರೆ ಹಳ್ಳ ಹರಿಯುವಾಗ ಊರಿನ ಗಡಿ ಕೇಳುವುದಿಲ್ಲವಷ್ಟೆ. ಒಂದೊಂದು ಊರೂ ಬೇರೆ ಬೇರೆ ಹೊರಟರೆ ಕೆಲಸ ಕೂಡುವುದಿಲ್ಲವೆಂದು, 1893ರಲ್ಲಿ ನಗರ ಮತ್ತು ಸುತ್ತಲ ಊರುಗಳಿಗೆ ಒಂದೇ ಉದ್ಯಾನ ಮಂಡಲಿಯಾಯಿತು. ವೇವರ್ಲಿಯ ಓಕ್ ಮರಗಳು ಉಳಿದದ್ದು ಈ ಮಂಡಲಿಯಿಂದ. 1896ರಲ್ಲಿ ರಿವೆರ್ ಕಡಲತೀರವೂ ಎಲ್ಲರದಾಯಿತು.

1895ರಲ್ಲಿ ಇಂಗ್ಲೆಂಡಿನವರು ತಮ್ಮ ನ್ಯಾಷನಲ್ ಟ್ರಸ್ಟ್ ಕಟ್ಟುವಾಗ ಬಾಸ್ಟನ್ನಿನ ಈ ಸಂಸ್ಥೆಯ ಮಾದರಿಯನ್ನು ನೋಡಿಕೊಂಡರು. ಹೀಗೆ ಪ್ರವಾಸದ ಸಾಲ ಬಡ್ಡಿಸಹಿತ ತೀರಿತೆನ್ನಬಹುದು.

ಎಲಿಯಟ್ 1897ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಅವರ ತಂದೆ, ಮಗನ ದಿನಚರಿ ಮತ್ತು ಪತ್ರಗಳನ್ನು ಸೇರಿಸಿ 1902ರಲ್ಲಿ ಪುಸ್ತಕ ಮಾಡಿದರು. ಅದಕ್ಕೆ ಮೊದಲೇ, 1900ರಲ್ಲಿ, ಆ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ತರಗತಿಗಳು ಆರಂಭವಾಗಿದ್ದವು. ವಿದ್ಯಾರ್ಥಿಗಳ ಪ್ರವಾಸಕ್ಕಾಗಿ ಅಲ್ಲಿ ಎಲಿಯಟ್ ಅವರ ಹೆಸರಿನಲ್ಲೇ ಒಂದು ವೇತನವಿದೆ.